ಮೊದಲು ವಾಪಸ್ ಬರುವ ದಾರಿ: ಕೋವಿಡ್ ಕಾಲದಲ್ಲಿ ನಮ್ಮ ಸ್ಕೀ ಚಳಿಗಾಲಗಳು

2020ರ ಮಾರ್ಚ್ 12, ಗುರುವಾರ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಝಿಲ್ಲರ್‌ಟಾಲ್ ಕಣಿವೆಯಲ್ಲಿದ್ದೆವು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾನು, ನನ್ನ ಗೆಳೆಯ, ಒಟ್ಟು ಆರು ಜನ. ಪ್ರತಿ ವರ್ಷ ಒಂದು ವಾರ ಆಲ್ಪ್ಸ್‌ನಲ್ಲಿ ಸ್ಕೀ ಮಾಡುವುದು ನಮ್ಮ ರೂಢಿ. ಬುಕಿಂಗ್‌ನಿಂದ ಹಿಡಿದು, ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳ ಪಾಸ್‌ವರೆಗೆ ಎಲ್ಲ ಏರ್ಪಾಡು ನನ್ನದೇ.

ಸಂಜೆ ಬೂಟು ಬಿಚ್ಚುತ್ತಿದ್ದಾಗ ಮನೆಯ ಒಡತಿ ಬಂದು ವಿಷಯ ಹೇಳಿದರು. ಭಾನುವಾರ ಸಂಜೆಗೆ ಟಿರೋಲ್‌ನ ಲಿಫ್ಟ್‌ಗಳೆಲ್ಲ ನಿಲ್ಲುತ್ತವಂತೆ. ನಮ್ಮ ಬುಕಿಂಗ್ ಇದ್ದದ್ದು ಶನಿವಾರ ಬೆಳಿಗ್ಗೆವರೆಗೆ ಮಾತ್ರ. ಹಾಗಾದರೆ ನಮಗೇನೂ ತೊಂದರೆಯಿಲ್ಲ ಅಂದೆ. ಅಕ್ಕ ಒಪ್ಪಲಿಲ್ಲ. "ಲಿಫ್ಟ್ ಬಿಡು ಕಣೋ. ವಾಪಸ್ ಹೋಗೋ ದಾರಿ ತೆರೆದಿರುತ್ತಾ, ಅದನ್ನ ಮೊದಲು ನೋಡು" ಅಂದಳು.

ಮರುದಿನ ಮಧ್ಯಾಹ್ನ ಚೇರ್‌ಲಿಫ್ಟ್‌ನಲ್ಲಿ ಕುಳಿತಿದ್ದಾಗ ಫೋನಿಗೆ ಸುದ್ದಿ ಬಂತು. ಅದೇ ಟಿರೋಲ್‌ನ ಪಾಟ್ಸ್‌ನೌನ್ ಕಣಿವೆಯನ್ನೂ ಸಾಂಕ್ಟ್ ಆಂಟೋನ್ ಊರನ್ನೂ ಸರ್ಕಾರ ತಕ್ಷಣದಿಂದ ಮುಚ್ಚಿತ್ತು. ಅಲ್ಲಿದ್ದ ಪ್ರವಾಸಿಗರು ಸಿಕ್ಕಿದ್ದನ್ನು ಕಾರಿಗೆ ತುಂಬಿಕೊಂಡು ಹೊರಡುತ್ತಿದ್ದರು. ಕೆಲವರು ಸ್ಕೀ ಬೂಟಿನಲ್ಲೇ ಇದ್ದರಂತೆ. ನಾವಿದ್ದದ್ದು ಬೇರೆ ಕಣಿವೆಯಲ್ಲಿ. ಆದರೂ ಇನ್ನೊಂದು ಸುತ್ತು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಆ ರಾತ್ರಿಯೇ ಹೊರಟೆವು. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಗಡಿ ದಾಟುವವರೆಗೆ ಮುಂದಿನ ಸೀಟಿನಲ್ಲಿ ಯಾರೂ ಮಾತಾಡಲಿಲ್ಲ.

ಪಾಟ್ಸ್‌ನೌನ್‌ನಲ್ಲಿರುವ ಇಷ್‌ಗ್ಲ್ ಊರಿನ ಹೆಸರು ಆಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಅಲ್ಲಿಂದ ಮರಳಿದವರಲ್ಲಿ ಸೋಂಕು ಕಂಡು, ಐಸ್‌ಲ್ಯಾಂಡ್ ಮಾರ್ಚ್ 5ರಂದೇ ಆ ಊರನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು. ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯ ಏಪ್ರಿಲ್‌ನಲ್ಲಿ ಊರಿನವರ ರಕ್ತ ಪರೀಕ್ಷೆ ಮಾಡಿದಾಗ 42.4% ಜನರಲ್ಲಿ ಆ್ಯಂಟಿಬಾಡಿ ಸಿಕ್ಕಿತು. ಈ ಅಂಕಿಯನ್ನು ಓದಿದ ದಿನ ನನಗೆ ತುಂಬ ಹೊತ್ತು ಸಮಾಧಾನ ಆಗಲಿಲ್ಲ. ಇಳಿಜಾರಿನಲ್ಲಿ ಗಾಳಿ ಬೀಸುತ್ತಿರುತ್ತದೆ, ಜನ ದೂರ ದೂರ ಇರುತ್ತಾರೆ. ಸೋಂಕು ಹೆಚ್ಚು ಹರಡುವುದು ಇಳಿಜಾರಿನ ಹೊರಗೆ. ಕಿಕ್ಕಿರಿದ ಬಾರು, ಬೆಟ್ಟದ ಮೇಲಕ್ಕೆ ಒಯ್ಯುವ ಗೊಂಡೊಲಾದ ಕಿಟಕಿ ಮುಚ್ಚಿದ ಡಬ್ಬಿ, ಎಲ್ಲರೂ ಒಟ್ಟಿಗೆ ಕೂತು ಜೋರಾಗಿ ಹಾಡುವ ಸಂಜೆಗಳು. ನಾವೂ ಇಂಥ ಸಂಜೆಗಳನ್ನು ಕಳೆದವರೇ.

ಆ ವರ್ಷದ ಅಕ್ಟೋಬರ್‌ನಲ್ಲಿ ಮುಂದಿನ ಚಳಿಗಾಲದ ಲೆಕ್ಕಕ್ಕೆ ಕುಳಿತೆ. ಅದುವರೆಗೆ ನಾನು ನೋಡುತ್ತಿದ್ದದ್ದು ಹಿಮ ಎಷ್ಟಿದೆ, ಬೆಟ್ಟ ಎಷ್ಟು ಎತ್ತರ, ಬಾಡಿಗೆ ಎಷ್ಟು ಅಂತ. ಈ ಸಲ ಅಕ್ಕನ ಮಾತು ತಲೆಯಲ್ಲಿತ್ತು. ಹಾಳೆಯ ಮೇಲೆ ಮೊದಲು ಬರೆದದ್ದು "ವಾಪಸ್" ಅಂತ. ಮರಳಿದ ಮೇಲೆ ಎಷ್ಟು ದಿನ ಕ್ವಾರಂಟೈನ್? ಮಕ್ಕಳ ಶಾಲೆಯ ಗತಿ ಏನು? ಅಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಎಲ್ಲಿರುವುದು? ಇವಕ್ಕೆ ಉತ್ತರ ಸಿಗುವವರೆಗೆ ಊರಿನ ಹೆಸರನ್ನೇ ಬರೆಯಲಿಲ್ಲ.

ಮನೆ ಹುಡುಕುವಾಗ ಹೋಟೆಲ್ ಬಿಟ್ಟೆ. ಅಡುಗೆಮನೆ ಇರುವ, ಎರಡು ಬಚ್ಚಲಿರುವ ಮನೆಯೇ ಬೇಕು ಅಂದುಕೊಂಡೆ. ಹಣ ಪೂರ್ತಿ ಯಾವ ತಾರೀಕಿನವರೆಗೆ ವಾಪಸ್ ಬರುತ್ತದೆ ಅಂತ ಬರಹದಲ್ಲಿ ಕೇಳಿದೆ. ಫೋನಿನಲ್ಲಿ "ಏನೋ ಮಾಡೋಣ" ಅಂದವರನ್ನು ಕೈಬಿಟ್ಟೆ. ಹಿಂದಿನ ಬೇಸಿಗೆಯಲ್ಲಿ ಒಂದು ಕಂಪನಿ ನಮ್ಮ ಹಣದ ಬದಲು ವೋಚರ್ ಕೊಟ್ಟಿತ್ತು. ಅದರ ಅವಧಿ ಮುಗಿಯುವುದರೊಳಗೆ ಪ್ರವಾಸ ಹೋಗಲು ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅದಕ್ಕೇ ವೋಚರ್ ಬೇಡ, ಹಣವೇ ಬೇಕು ಅಂತ ಮೊದಲೇ ಕೇಳಿಕೊಂಡೆ.

ವಿಮೆ ಕಾಗದ ಓದಲು ಒಂದಿಡೀ ಭಾನುವಾರ ಹೋಯಿತು. ಸಾರ್ಥಕವಾದ ಭಾನುವಾರ ಅದು. ನಮ್ಮ ಹಳೆಯ ಪಾಲಿಸಿಯಲ್ಲಿ ಸಾಂಕ್ರಾಮಿಕ ರೋಗದಿಂದಾಗುವ ನಷ್ಟಕ್ಕೆ ಏನೂ ಸಿಗುವುದಿಲ್ಲ ಅಂತ ಒಂದೇ ಸಾಲಿನಲ್ಲಿ ಬರೆದಿತ್ತು. ಹೊಸದರಲ್ಲಿ ನಮಗೇ ಕೋವಿಡ್ ಬಂದು ಪ್ರವಾಸ ನಿಂತರೆ ಹಣ ಸಿಗುತ್ತಿತ್ತು. ಸರ್ಕಾರ ಗಡಿ ಮುಚ್ಚಿದರೆ ಸಿಗುತ್ತಿರಲಿಲ್ಲ. ಎರಡೂ ಒಂದೇ ಅಂತ ಅಂದುಕೊಂಡು ದುಡ್ಡು ಕಳೆದುಕೊಂಡವರೂ ಇದ್ದರು. ಗಡಿ ಮುಚ್ಚುವ ಭಯಕ್ಕೆ ವಿಮೆಯಲ್ಲಿ ಮದ್ದಿರಲಿಲ್ಲ. ಬುಕಿಂಗ್ ರದ್ದು ಮಾಡುವ ತಾರೀಕೇ ಅದಕ್ಕಿದ್ದ ಮದ್ದು.

ಆ ಚಳಿಗಾಲದಲ್ಲಿ ಪಕ್ಕಪಕ್ಕದ ದೇಶಗಳೇ ಬೇರೆ ಬೇರೆ ದಾರಿ ಹಿಡಿದವು. ಫ್ರಾನ್ಸ್‌ನಲ್ಲಿ ಸ್ಕೀ ಊರುಗಳಿಗೆ ಹೋಗಬಹುದಿತ್ತು, ಆದರೆ ಇಡೀ ಸೀಸನ್ ಲಿಫ್ಟ್ ಓಡಲಿಲ್ಲ. ಆಸ್ಟ್ರಿಯಾ ಡಿಸೆಂಬರ್ 24ಕ್ಕೆ ಲಿಫ್ಟ್ ತೆರೆಯಿತು, ಆದರೆ ಹೋಟೆಲ್ ಮುಚ್ಚಿದ್ದವು. ಹೊರದೇಶದಿಂದ ಹೋದವರಿಗೆ 10 ದಿನ ಕ್ವಾರಂಟೈನ್ ಬೇರೆ. ಸ್ವಿಟ್ಜರ್ಲೆಂಡ್‌ನಲ್ಲಿ ಲಿಫ್ಟ್ ಓಡುತ್ತಿದ್ದವು. ಆದರೆ ಬ್ರಿಟನ್ನಿನಿಂದ ಡಿಸೆಂಬರ್ 14ರಿಂದೀಚೆಗೆ ಬಂದವರೆಲ್ಲ ಕ್ವಾರಂಟೈನ್‌ನಲ್ಲಿರಬೇಕು ಅಂತ ಡಿಸೆಂಬರ್ 21ರಂದು ಆದೇಶ ಬಂತು. ಅಂದರೆ ಆಗಲೇ ಬಂದು ಒಂದು ವಾರ ಸ್ಕೀ ಮಾಡಿದವರಿಗೂ! ಇಟಲಿಯಲ್ಲಿ ಫೆಬ್ರವರಿ 15ಕ್ಕೆ ಲಿಫ್ಟ್ ಶುರುವಾಗಬೇಕಿತ್ತು. 14ರ ಸಂಜೆ ಸರ್ಕಾರ ಮಾರ್ಚ್ 5ರವರೆಗೆ ಮುಂದೂಡಿತು. ಇಳಿಜಾರು ಸಿದ್ಧವಾಗಿತ್ತು, ಕೆಲಸಕ್ಕೆ ಜನ ಬಂದಾಗಿತ್ತು. ಆ ಲಿಫ್ಟ್ ನೌಕರರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಮ್ಮದು ಒಂದು ವಾರದ ರಜೆ. ಅವರದು ವರ್ಷದ ಊಟ.

ನಾವು ಕ್ರಿಸ್‌ಮಸ್ ಬುಕಿಂಗ್ ರದ್ದು ಮಾಡಿದೆವು. ಹಣ ಪೂರ್ತಿ ಬಂತು. ಮಕ್ಕಳ ಮುಖ ಸಪ್ಪಗಾಯಿತು. ಅದಕ್ಕೇ ಫೆಬ್ರವರಿಯಲ್ಲಿ ಗಡಿ ದಾಟದೆ ಹೋಗಿ ಬರಬಹುದಾದ ಬೆಟ್ಟಕ್ಕೆ ಹೊರಟೆವು, ಲಿಫ್ಟ್ ಇಲ್ಲದೆ. ಸ್ಕೀ ಅಡಿಗೆ ಸ್ಕಿನ್ ಅನ್ನುವ ಪಟ್ಟಿ ಅಂಟಿಸಿಕೊಂಡು ಕಾಲಿನಿಂದಲೇ ಹತ್ತುವುದು. ಸ್ಕಿನ್ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದಂತೆ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಎರಡು ಗಂಟೆ ಹತ್ತಿದರೆ ಹತ್ತು ನಿಮಿಷ ಇಳಿತ. ಆ ಹತ್ತು ನಿಮಿಷ ನನ್ನ ಪಾಲಿಗೆ ಯಾವ ಲಿಫ್ಟ್ ಪಾಸ್‌ಗಿಂತಲೂ ದೊಡ್ಡದಾಗಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ಲಿಫ್ಟ್ ಮುಚ್ಚಿದ್ದರಿಂದ ಅಭ್ಯಾಸವಿಲ್ಲದವರು ಸುಮ್ನೆ ಬೆಟ್ಟ ಹತ್ತತೊಡಗಿದ್ದರು. ಅದು ಅಪಾಯ. ಸ್ಕೀ ಊರಿನ ಗುರುತು ಮಾಡಿದ ಇಳಿಜಾರುಗಳನ್ನು ಸೀಸನ್‌ನಲ್ಲಿ ದಿನಾ ಪರೀಕ್ಷಿಸುತ್ತಾರೆ. ಹೊರಗಿನ ಬೆಟ್ಟವನ್ನು ಯಾರೂ ಕಾಯುವುದಿಲ್ಲ. ನಾವು ಗೈಡ್ ಒಬ್ಬರನ್ನು ಕರೆದುಕೊಂಡೆವು. ಪ್ರತಿಯೊಬ್ಬರ ಬಳಿ ಹಿಮದಡಿ ಸಿಕ್ಕಿದವರನ್ನು ಹುಡುಕುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ. ಮೊದಲ ದಿನವಿಡೀ ಹುಡುಕುವ ಅಭ್ಯಾಸ. ಹಿಮಕುಸಿತದಲ್ಲಿ ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದರೆ ಜರ್ರನೆ ಇಳಿಯುತ್ತದೆ. ಹಾಗಾಗಿ ಹೊರಗಿನ ಸಹಾಯಕ್ಕೆ ಕಾಯುವ ಹಾಗಿಲ್ಲ, ಜೊತೆಯವರೇ ಅಗೆದು ತೆಗೆಯಬೇಕು. ಅಪಾಯದ ಮಟ್ಟವನ್ನು 1ರಿಂದ 5ರವರೆಗೆ ಪ್ರಕಟಿಸುತ್ತಾರೆ. ಅದು 3 ಆಗಿದ್ದ ಬೆಳಿಗ್ಗೆ ಗೈಡ್ ಬೆಟ್ಟ ಬೇಡ ಅಂದರು. ಮರು ಮಾತಿಲ್ಲದೆ ಕಾಡಿನ ಸಮತಟ್ಟು ದಾರಿಯಲ್ಲಿ ನಡೆದು ಬಂದೆವು.

2022ರ ಜನವರಿಯಲ್ಲಿ ಮತ್ತೆ ಆಸ್ಟ್ರಿಯಾ. ಆಗ ಲಸಿಕೆ ಹಾಕಿಸಿಕೊಂಡವರಿಗೆ ಅಥವಾ ಕೋವಿಡ್ ಬಂದು ವಾಸಿಯಾದವರಿಗೆ ಮಾತ್ರ ಪ್ರವೇಶವಿತ್ತು. ಗೊಂಡೊಲಾದಲ್ಲಿ ಎನ್95ನಂಥ ಎಫ್‌ಎಫ್‌ಪಿ2 ಮಾಸ್ಕ್. ಅಕ್ಕನ ಮಗಳಿಗೆ 13 ವರ್ಷ, ಒಂದೇ ಡೋಸ್ ಆಗಿತ್ತು. 12ರಿಂದ 15ರ ಪ್ರವಾಸಿ ಮಕ್ಕಳಿಗೆ "ಹಾಲಿಡೇ ನಿಂಜಾ ಪಾಸ್" ಅನ್ನುವ ಕಾಗದವಿತ್ತು. ನಿಗದಿಯಾದಂತೆ ಟೆಸ್ಟ್ ಮಾಡಿಸಿ ಅದರಲ್ಲಿ ಬರೆಯುತ್ತಾ ಹೋಗಬೇಕು. ಹೆಸರು ಕೇಳಿಯೇ ಅವಳಿಗೆ ಖುಷಿ.

ಈ ಸಲ ವಾರದ ಪಾಸ್ ಬೇಡ ಅಂತ ದಿನದ ಪಾಸ್ ಕೊಂಡೆ. ದಿನದ ಲೆಕ್ಕಕ್ಕೆ ದುಬಾರಿಯೇ. ಆದರೆ ಮೂರನೇ ದಿನ ಬೆಳಿಗ್ಗೆ ಅಕ್ಕನ ಮಗನ ಟೆಸ್ಟ್‌ನಲ್ಲಿ ಎರಡು ಗೆರೆ ಕಂಡವು. ಅವನಿಗೆ ಗಂಟಲು ಸ್ವಲ್ಪ ಕೆರೆತ, ಅಷ್ಟೇ. "ಉಳಿದವರು ಚೆನ್ನಾಗೇ ಇದ್ದೀವಲ್ಲ, ಇವತ್ತೊಂದು ದಿನ ಹೋಗಿ ಬರೋಣ್ವಾ?" ಅಂತ ಗೆಳೆಯ ಮೆಲ್ಲಗೆ ಕೇಳಿದ. ಇಷ್‌ಗ್ಲ್ ನೆನಪಾಯಿತು. ಬೇಡ ಅಂದೆ. ಅವನೂ ಒಪ್ಪಿದ. ಆರೂ ಜನ ಮನೆಯಲ್ಲೇ ಉಳಿದೆವು.

ಹಾಳೆಯಲ್ಲಿ "ವಾಪಸ್" ಅಂತ ಬರೆದದ್ದು ಆಗ ಕೈಹಿಡಿಯಿತು. ಮನೆಯನ್ನು ಇನ್ನೂ ಐದು ದಿನ ಉಳಿಸಿಕೊಳ್ಳಬಹುದು ಅಂತ ಮೊದಲೇ ಮಾತಾಗಿತ್ತು. ಆ ದಿನಗಳಲ್ಲಿ ಯಾರೂ ಕಚೇರಿಯಲ್ಲಿ ಮುಖ್ಯ ಕೆಲಸ ಇಟ್ಟುಕೊಂಡಿರಲಿಲ್ಲ. ಎರಡನೇ ಬಚ್ಚಲು ಅಕ್ಕನ ಮಗನಿಗೇ ಬಿಟ್ಟೆವು. ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು, ಕದ ತಟ್ಟಿ, ಅಕ್ಕ ದೂರ ನಿಲ್ಲುತ್ತಿದ್ದಳು. ಸಂಜೆ ಅವನು ಕಿಟಕಿ ತೆರೆದು ಕೂರುತ್ತಿದ್ದ. ತಂಗಿ ಹೊರಗೆ ಅಂಗಳದ ಹಿಮದಲ್ಲಿ ನಿಂತು ನಿಂಜಾ ಪಾಸ್ ಬೀಸುತ್ತಾ ಅವನಿಗೆ ತೋರಿಸುತ್ತಿದ್ದಳು.