ಸವೆದ ನಟ್‌ಗೆ ಅಡುಗೆ ಸೋಡಾ ಮದ್ದು

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆರ್ಕೆಸ್ಟ್ರಾದವರು ಮೂಲೆಗಿಟ್ಟ ವಾದ್ಯಗಳನ್ನು ಹೊರತೆಗೆಯುತ್ತಾರೆ. ಬೇಸ್ ಗಿಟಾರ್‌ನ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಜರ್ರ್ ಎನ್ನುತ್ತದೆ. ಕೂಡಲೇ ನಟ್ ಮೇಲೆ ಗೂಬೆ ಕೂರಿಸುತ್ತೇವೆ. ನಟ್ ಅಂದರೆ ಕತ್ತಿನ ತುದಿಯಲ್ಲಿ ನಾಲ್ಕೂ ತಂತಿಗಳನ್ನು ಕಚ್ಚುಗಳಲ್ಲಿ ಹಿಡಿದಿಡುವ ಸಣ್ಣ ಪಟ್ಟಿ.

ಆದರೆ ಮಲೆನಾಡಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಮಳೆಯ ಮೇಲೆ. ಥಂಡಿಗೆ ಮರ ಉಬ್ಬಿ ಕತ್ತು ಹಿಂದಕ್ಕೆ ಬಾಗಿರಬಹುದು. ಶ್ರುತಿ ಮಾಡಿದ ಇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು, ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು, ನಟ್ ಪಕ್ಕದ್ದೇ ಮೊದಲನೆಯದು) ಒಟ್ಟಿಗೆ ಒತ್ತಿ. ಏಳೆಂಟನೇ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸಂದೇ ಇಲ್ಲವೆಂದರೆ ನಟ್ ಮುಟ್ಟಬೇಡಿ. ಟ್ರಸ್ ರಾಡ್ ಅನ್ನು, ಅಂದರೆ ಕತ್ತಿನೊಳಗೆ ಬಾಗು ಹೊಂದಿಸುವ ಲೋಹದ ಸರಳನ್ನು, ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು ನೋಡಿ.

ಸಂದು ಸರಿ ಇದೆಯೇ? ಈಗ ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಕಡೆ ಕಣ್ಣಿಡಿ. ತಂತಿ ಅದರ ಮೇಲೆ ಮಲಗಿಬಿಟ್ಟಿದ್ದರೆ ಕಚ್ಚು ಸವೆದಿದೆ. ನಾಲ್ಕೂ ತಂತಿ ಹೀಗೇ ನೋಡಿ. ಕೆಟ್ಟಿರುವ ಕಚ್ಚಿಗಷ್ಟೇ ಕೈ ಹಾಕಿದರೆ ಸಾಕು.

ಬೇಕಾದದ್ದು ಅಡುಗೆ ಸೋಡಾ, ಫೆವಿಕ್ವಿಕ್, ಟೇಪು, ನಯವಾದ ಸ್ಯಾಂಡ್ ಪೇಪರ್, ಹಳೇ ತಂತಿಯ ಎರಡು ತುಂಡು. ಸೋಡಾ ಹೊಸ ಪೊಟ್ಟಣದ್ದಾಗಿರಲಿ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಗಂಟು ಕಟ್ಟಿದ ಸೋಡಾ ಕಚ್ಚಿನೊಳಗೆ ಸರಿಯಾಗಿ ಕೂರುವುದಿಲ್ಲ.

ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ಕಚ್ಚನ್ನು ಒಣ ಬ್ರಷ್‌ನಿಂದ ಉಜ್ಜಿ. ನಟ್ ಸುತ್ತಲೂ ಟೇಪು ಹಚ್ಚುವುದನ್ನು ಮಾತ್ರ ತಪ್ಪಿಸಬೇಡಿ, ಅಂಟು ಬಿದ್ದರೆ ಪಾಲಿಷ್ ಹಾಳು. ಕಚ್ಚಿಗೆ ಒಂದು ಚಿಟಿಕೆ ಸೋಡಾ ತುಂಬಿ ಒತ್ತಿ. ಕಡ್ಡಿಯ ತುದಿಯಿಂದ ಒಂದೇ ಹನಿ ಅಂಟು ಬಿಡಿ. ಕ್ಷಣದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಗ ಬಿಸಿಯೂ ಬರುತ್ತದೆ, ಕಣ್ಣುರಿಸುವ ಹೊಗೆಯೂ ಏಳುತ್ತದೆ. ಮುಖ ದೂರ ಇಡಿ, ಕಿಟಕಿ ತೆರೆದಿರಲಿ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ, ಹತ್ತಿ ತಾಗಿದರೆ ಈ ಅಂಟು ಇನ್ನೂ ಬಿಸಿಯಾಗುತ್ತದೆ. ಒಂದು ಪದರ ಸಾಲದಿದ್ದರೆ ಇನ್ನೊಂದು. ಬೇಕಾದ್ದಕ್ಕಿಂತ ಸ್ವಲ್ಪ ಎತ್ತರಕ್ಕೇ ತುಂಬಿ.

ನಿಜವಾದ ಕೆಲಸ ಶುರುವಾಗುವುದು ಈಗ. ಸಾಮಾನ್ಯ ಸೆಟ್‌ನಲ್ಲಿ ಇ ತಂತಿ 0.105 ಇಂಚು, ಅದರ ಪಕ್ಕದ ಎ ತಂತಿ 0.085 ಇಂಚು ದಪ್ಪ. ಇ ಕಚ್ಚು ಕೊರೆಯಲು ಎ ತಂತಿಯ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ, ಪೇಪರ್ ದಪ್ಪವೂ ಸೇರುತ್ತದಲ್ವಾ? ಕೊನೆಗೆ ಇ ತಂತಿಯ ತುಂಡನ್ನೇ ಹಿಂದೆ ಮುಂದೆ ಎಳೆದರೆ ಅದರ ಸುರುಳಿಯೇ ಅರದ ಕೆಲಸ ಮಾಡುತ್ತದೆ. ಕಚ್ಚು ಬಿರಡೆಗಳ ಕಡೆಗೆ ಇಳಿಜಾರಾಗಿರಲಿ, ಎತ್ತರದ ಅಂಚು ಫ್ರೆಟ್ ಬದಿಗಿರಲಿ. ಇದು ತಿರುಗಾಮುರುಗಾ ಆದರೆ ಬೇಸ್ ಹೋಗಿ ಸಿತಾರ್ ಆಗುತ್ತದೆ!

ನಾಲ್ಕು ಸಲ ಉಜ್ಜಿ, ತಂತಿ ಏರಿಸಿ, ಶ್ರುತಿ ಮಾಡಿ, ಮೂರನೇ ಫ್ರೆಟ್ ಪರೀಕ್ಷೆ ಮಾಡಿ. ಬೇಜಾರಿನ ಕೆಲಸ, ಆದರೆ ಅವಸರಪಟ್ಟರೆ ಮತ್ತೆ ಸೋಡಾ ತುಂಬಬೇಕು. ಮೊದಲ ಫ್ರೆಟ್ ಮೇಲೆ ತೆಳು ಕಾಗದ ನುಸುಳುವಷ್ಟು ಸಂದು ಬಂದಾಗ ನಿಲ್ಲಿಸಿ. ಕಚ್ಚಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ತಂತಿ ಸಲೀಸಾಗಿ ಜಾರುತ್ತದೆ.

ಇದು ಮೂಳೆಯ ನಟ್‌ನಷ್ಟು ಗಟ್ಟಿಯಲ್ಲ, ಜಾಸ್ತಿ ನುಡಿಸುವವರಿಗೆ ಮತ್ತೆ ಸವೆಯುತ್ತದೆ. ನಟ್ ಬಿರುಕು ಬಿಟ್ಟಿದ್ದರೆ ಸೋಡಾ ಸುಮ್ನೆ ದಂಡ. ಅಗಲ, ದಪ್ಪ ಅಳೆದು ಹೊಸದನ್ನೇ ತರಿಸಿ.