ಸೀಬೆ, ಕಿತ್ತಳೆ ಮತ್ತು ಅಯೋಡಿನ್ ಹನಿಗಳು: ನನ್ನ ಅನುಭವ

ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿದೆ ಎಂದು ತಿಳಿದಾಗ ವೈದ್ಯರು ಮಾತ್ರೆಯ ಜೊತೆಗೆ, ಊಟದೊಂದಿಗೆ ಸಿ ಜೀವಸತ್ವ ಹೆಚ್ಚಿರುವ ಹಣ್ಣನ್ನು ತಿನ್ನುವಂತೆ ಸೂಚಿಸಿದರು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವೂ ಇದ್ದರೆ ಹೀರಿಕೆ ಹೆಚ್ಚುತ್ತದೆ. ಸಿ ಜೀವಸತ್ವ ಎಂದೊಡನೆ ನನ್ನ ಕೈ ಕಿತ್ತಳೆಯ ಕಡೆಗೇ ಹೋಯಿತು. ಪೋಷಕಾಂಶಗಳ ಕೋಷ್ಟಕವನ್ನು ತೆರೆದು ನೋಡಿದಾಗ ಮಾತ್ರ, ನಾನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಸೀಬೆಹಣ್ಣು ಈ ವಿಷಯದಲ್ಲಿ ಎಷ್ಟು ಮುಂದಿದೆ ಎಂಬುದು ತಿಳಿಯಿತು.

ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ 100 ಗ್ರಾಂ ಸೀಬೆಯಲ್ಲಿ ಸುಮಾರು 228 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ, ಅಷ್ಟೇ ತೂಕದ ಕಿತ್ತಳೆಯ ತೊಳೆಗಳಲ್ಲಿ ಇರುವುದು ಸುಮಾರು 53 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರಮಾಣವನ್ನು ಬೇರೆ ಬೇರೆ ದೇಶಗಳು 40ರಿಂದ 110 ಮಿಲಿಗ್ರಾಂವರೆಗೆ ನಿಗದಿಪಡಿಸಿವೆ. ಹಾಗಿದ್ದೂ ಕೀರ್ತಿಯೆಲ್ಲ ಕಿತ್ತಳೆಗೇ ಸಂದಿರುವುದರಲ್ಲಿ ಹಡಗಿನ ಪಾತ್ರ ದೊಡ್ಡದೆಂದು ನನಗನ್ನಿಸುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ಬಳಲುತ್ತಿದ್ದ 12 ನಾವಿಕರನ್ನು ಎರಡೆರಡರಂತೆ ವಿಂಗಡಿಸಿ, ಬಗೆಬಗೆಯ ಪಥ್ಯ ಕೊಟ್ಟು ನೋಡಿದಾಗ, ಬೇಗ ಚೇತರಿಸಿಕೊಂಡವರು ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು. ಆ ಹಡಗಿನಲ್ಲಿ ಸೀಬೆ ಇರಲಿಲ್ಲ.

ಅಂಕಿಗಳನ್ನು ಓದಿ ಸುಮ್ಮನಿರಲಾಗದೆ, ಮನೆಯಲ್ಲೇ ಅಳೆದು ನೋಡೋಣವೆಂದುಕೊಂಡೆ. ಸಿ ಜೀವಸತ್ವ ಇರುವವರೆಗೂ ಅದು ಅಯೋಡಿನ್‌ನೊಂದಿಗೆ ವರ್ತಿಸಿ ಅದರ ಬಣ್ಣವನ್ನು ಅಳಿಸುತ್ತದೆ. ಅದು ಮುಗಿದ ಮೇಲೆ ಬೀಳುವ ಹನಿ, ಮೊದಲೇ ಬೆರೆಸಿಟ್ಟ ಗಂಜಿಯೊಡನೆ ಸೇರಿ ಗಾಢ ನೀಲಿಯಾಗುತ್ತದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಡ್ರಾಪರ್‌ಗೆ ತುಂಬಿಕೊಂಡೆ. ಅಳತೆಗೋಲಾಗಿ 500 ಮಿಲಿಗ್ರಾಂನ ಒಂದು ಸಿ ಜೀವಸತ್ವದ ಮಾತ್ರೆಯನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದೆ. ಅದರ 10 ಮಿಲಿಲೀಟರ್‌ಗೆ, ಅಂದರೆ 10 ಮಿಲಿಗ್ರಾಂ ಜೀವಸತ್ವಕ್ಕೆ, 56 ಹನಿ ಹಿಡಿಯಿತು. ಸೋಸಿದ ಕಿತ್ತಳೆ ರಸದ 10 ಮಿಲಿಲೀಟರ್ 27ನೇ ಹನಿಗೆ ನೀಲಿಗಟ್ಟಿತು. ಲೆಕ್ಕ ಹಾಕಿದರೆ 100 ಮಿಲಿಲೀಟರ್‌ಗೆ ಸುಮಾರು 48 ಮಿಲಿಗ್ರಾಂ.

ಸೀಬೆಯಲ್ಲಿ ಎಡವಿದೆ. ಹಣ್ಣನ್ನು ರುಬ್ಬಿ 10 ಗ್ರಾಂ ತಿರುಳನ್ನು ನೇರವಾಗಿ ಲೋಟಕ್ಕೆ ಹಾಕಿ ಹನಿ ಬಿಡತೊಡಗಿದರೆ, ನೂರು ದಾಟಿದರೂ ನೀಲಿ ಕಾಣಲಿಲ್ಲ. ಸಾಲದ್ದಕ್ಕೆ ಅದು ಕೆಂಪು ತಿರುಳಿನ ಹಣ್ಣಾದ್ದರಿಂದ, ನೀಲಿ ಬಂದಿದ್ದರೂ ನನ್ನ ಕಣ್ಣಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಮರುದಿನ ಬಿಳಿ ತಿರುಳಿನ ಹಣ್ಣನ್ನು ತಂದು, 50 ಗ್ರಾಂ ತಿರುಳನ್ನು ನೀರು ಸೇರಿಸಿ ರುಬ್ಬಿ ಒಟ್ಟು 250 ಮಿಲಿಲೀಟರ್ ಆಗುವಂತೆ ಮಾಡಿ, ತೆಳುಬಟ್ಟೆಯಲ್ಲಿ ಸೋಸಿದೆ. ಅದರ 10 ಮಿಲಿಲೀಟರ್‌ನಲ್ಲಿ ಇರುವುದು ಕೇವಲ 2 ಗ್ರಾಂ ಹಣ್ಣು. ಅದಕ್ಕೇ 21 ಹನಿ ಬೇಕಾಯಿತು. ಎಂದರೆ 100 ಗ್ರಾಂಗೆ ಸುಮಾರು 187 ಮಿಲಿಗ್ರಾಂ. ಸೀಬೆಯಲ್ಲಿರುವ ಟ್ಯಾನಿನ್‌ನಂಥ ಒಗರು ಪದಾರ್ಥಗಳೂ ಸ್ವಲ್ಪ ಅಯೋಡಿನ್ ಕಬಳಿಸುವುದರಿಂದ ಈ ಅಂಕಿಯನ್ನು ಅಂದಾಜೆಂದೇ ತಿಳಿಯಬೇಕು. ಆದರೂ ಎರಡು ಹಣ್ಣುಗಳ ನಡುವಿನ ಅಂತರ ಕಣ್ಣಿಗೆ ಹೊಡೆಯುವಷ್ಟಿತ್ತು.

ಇದಕ್ಕಿಂತ ಹೆಚ್ಚಿನದನ್ನು ನನಗೆ ಕಲಿಸಿದ್ದು ತಕ್ಕಡಿ. ಕೋಷ್ಟಕದ 100 ಗ್ರಾಂ ಎಂಬುದು ತಿನ್ನುವ ಭಾಗದ ತೂಕ, ನಾವು ಕೈಯಲ್ಲಿ ಹಿಡಿಯುವ ಹಣ್ಣಿನ ತೂಕವಲ್ಲ. 210 ಗ್ರಾಂ ತೂಗಿದ ಕಿತ್ತಳೆ, ಸಿಪ್ಪೆ ಸುಲಿದು ಬೀಜ ತೆಗೆದ ಮೇಲೆ 152 ಗ್ರಾಂಗೆ ಇಳಿಯಿತು. 140 ಗ್ರಾಂನ ಸೀಬೆಯಲ್ಲಿ ತೊಟ್ಟು ಮತ್ತು ಹೂವಿನ ಒಣತುದಿಯನ್ನು ಕೊಯ್ದು ಹಾಕಿದರೂ 134 ಗ್ರಾಂ ಉಳಿಯಿತು, ಏಕೆಂದರೆ ಅದನ್ನು ಸಿಪ್ಪೆ, ಬೀಜ ಸಮೇತ ತಿನ್ನುತ್ತೇವೆ. ಈ ತೂಕಕ್ಕೆ ಕೋಷ್ಟಕವನ್ನು ಅನ್ವಯಿಸಿದಾಗ ಕಿತ್ತಳೆಯಿಂದ ಸುಮಾರು 80 ಮಿಲಿಗ್ರಾಂ, ಸೀಬೆಯಿಂದ ಸುಮಾರು 300 ಮಿಲಿಗ್ರಾಂ ಸಿ ಜೀವಸತ್ವ ಸಿಗುತ್ತದೆ. ನಾರಿನಂಶ ಕಿತ್ತಳೆಯಲ್ಲಿ ಮೂರೂವರೆ ಗ್ರಾಂ, ಸೀಬೆಯಲ್ಲಿ ಏಳು ಗ್ರಾಂ. ಕ್ಯಾಲೊರಿ ಮಾತ್ರ ಕಿತ್ತಳೆಯಲ್ಲೇ ಕಡಿಮೆ: ಸುಮಾರು 71 ಎದುರಿಗೆ 91. ಸಿಹಿಯ ವಿಷಯದಲ್ಲಿ ನನ್ನ ಊಹೆ ತಲೆಕೆಳಗಾಯಿತು. ಹುಳಿ ಬೆರೆತ ಕಿತ್ತಳೆಯಲ್ಲಿ ಸಕ್ಕರೆ ಕಡಿಮೆ ಎಂದುಕೊಂಡಿದ್ದೆ. 100 ಗ್ರಾಂಗೆ ಎರಡರಲ್ಲೂ ಸರಿಸುಮಾರು 9 ಗ್ರಾಂ ಇದೆ. ನಾಲಿಗೆಗೆ ವ್ಯತ್ಯಾಸ ತೋರುವುದು ಸಿಟ್ರಿಕ್ ಆಮ್ಲದಿಂದ. ಸುಣ್ಣದ ಅಂಶದಲ್ಲಿ ಕಿತ್ತಳೆ ಮುಂದೆ, ಪೊಟ್ಯಾಸಿಯಂನಲ್ಲಿ ಸೀಬೆ ಮುಂದೆ. ಕೆಂಪು ಸೀಬೆಯ ಬಣ್ಣಕ್ಕೆ ಕಾರಣವಾದ ಲೈಕೋಪಿನ್ ಟೊಮೆಟೊದಲ್ಲಿರುವುದೇ.

ಅದೇ 152 ಗ್ರಾಂ ತೊಳೆಗಳನ್ನು ಹಿಂಡಿ ಸೋಸಿದಾಗ ಲೋಟದಲ್ಲಿ 95 ಮಿಲಿಲೀಟರ್ ರಸವೂ, ಜರಡಿಯಲ್ಲಿ ನಾರು ಮತ್ತು ತೊಳೆಯ ಪೊರೆಗಳೂ ಉಳಿದವು. ರಸಕ್ಕಿಳಿದ ಸಿ ಜೀವಸತ್ವ ನಮ್ಮ ಪಾಲಿಗೆ ಬರುತ್ತದೆ, ನಾರು ಬಹುಮಟ್ಟಿಗೆ ಕಸದ ಬುಟ್ಟಿಗೆ ಹೋಗುತ್ತದೆ. ಆ ದಿನದಿಂದ ನಾನು ಕಿತ್ತಳೆಯನ್ನು ತೊಳೆ ತೊಳೆಯಾಗಿಯೇ ತಿನ್ನುತ್ತಿದ್ದೇನೆ.

ಇಟ್ಟುಕೊಳ್ಳುವ ವಿಷಯಕ್ಕೆ ಬಂದರೆ ಸೀಬೆಗೆ ಸೋಲು. ದಪ್ಪ ಸಿಪ್ಪೆಯ ಕಿತ್ತಳೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತದೆ; ಆದರೆ ಕಿತ್ತ ಮೇಲೆ ಅದು ಇನ್ನಷ್ಟು ಸಿಹಿಯಾಗುವುದಿಲ್ಲವಾದ್ದರಿಂದ ಹುಳಿ ಹಣ್ಣನ್ನು ಕಾಯ್ದಿರಿಸಿ ಪ್ರಯೋಜನವಿಲ್ಲ. ಗಟ್ಟಿಯಾಗಿದ್ದ ಸೀಬೆಗಳು ಮೂರನೆಯ ದಿನಕ್ಕೆ ಮೆತ್ತಗಾಗಿ, ಫ್ರಿಜ್ಜಿನ ಬಾಗಿಲು ತೆರೆದರೆ ಮನೆಯೆಲ್ಲ ಘಮಘಮಿಸಿ, ಐದನೆಯ ದಿನಕ್ಕೆ ತಿನ್ನಲಾಗದಂತಾದವು. ಹೆಚ್ಚಿ ಒಂದು ದಿನ ತೆರೆದಿಟ್ಟ ಹೋಳುಗಳನ್ನು ಅದೇ ಕ್ರಮದಲ್ಲಿ ಪರೀಕ್ಷಿಸಿದಾಗ 21ರ ಬದಲು 17 ಹನಿಗೇ ನೀಲಿ ಬಂತು.

ಈಗ ಮಧ್ಯಾಹ್ನದ ಊಟಕ್ಕೆ ಕುಳಿತ ಮೇಲೆಯೇ ಸೀಬೆಯನ್ನು ಹೆಚ್ಚಿ ಅರ್ಧ ನಾನು ತಿಂದು, ಉಳಿದರ್ಧವನ್ನು ಮನೆಯವರಿಗೆ ಕೊಡುತ್ತೇನೆ. ನಮ್ಮ ತಾಯಿಯವರಿಗೆ ಬೀಜಗಳು ಹಲ್ಲಿನ ಸಂದಿಗೆ ಸಿಕ್ಕಿ ತೊಂದರೆಯಾಗುವುದರಿಂದ, ಅವರ ತಟ್ಟೆಯಲ್ಲಿ ಮಾತ್ರ ಇಂದಿಗೂ ಕಿತ್ತಳೆಯೇ ಇದೆ.