ಕಡಲತಡಿಯ ಊರಿನ ಸಂಚಾರ ಯೋಜನೆ: ಗೋಕರ್ಣದ ನಿವಾಸಿಗಳು ಸೇರಿ ರೂಪಿಸುವ ಬಗೆ

ಶನಿವಾರದ ಬೆಳಗ್ಗೆ ಸಮುದ್ರಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ ಮಹಾಬಲೇಶ್ವರ ದೇವಸ್ಥಾನದ ಕಡೆಗೆ ಹೊರಟ ವೃದ್ಧೆಯೊಬ್ಬರು, ಓಣಿಯಲ್ಲಿ ಹಿಂದಕ್ಕೆ ಬರುತ್ತಿರುವ ಕಾರಿಗೆ ದಾರಿ ಬಿಟ್ಟುಕೊಟ್ಟು ಅಂಗಡಿಯ ಗೋಡೆಗೆ ಒತ್ತಿ ನಿಲ್ಲುತ್ತಾರೆ. ಗೋಕರ್ಣದ ಸಂಚಾರ ಯೋಜನೆ ಅವರಿಂದಲೇ ಆರಂಭವಾಗಬೇಕು. ರಸ್ತೆ ಅಗಲ ಮಾಡುವ ಮಾತು ಆಮೇಲಿನದು. ನನ್ನ ಮಟ್ಟಿಗೆ, ದೇವಸ್ಥಾನದ ಸುತ್ತಲಿನ ಓಣಿಗಳಲ್ಲಿ ಆ ಮಾತೇ ಬೇಡ.

ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಿಗೆ ಅವಕಾಶವಿದೆ. ವಿಷಯವನ್ನು ಅಲ್ಲಿಂದಲೇ ಎತ್ತಬೇಕು. ಆದರೆ ಸಭೆ ಕರೆದ ಮಾತ್ರಕ್ಕೆ ಎಲ್ಲರೂ ಬಂದಂತಾಗುವುದಿಲ್ಲ. ಹೂವು, ಸೊಪ್ಪು ತಂದು ಮಾರುವ ಹಾಲಕ್ಕಿ ಸಮುದಾಯದ ಹೆಂಗಸರಿಗೆ ವ್ಯಾಪಾರ ಬಿಟ್ಟು ಸಭೆಯಲ್ಲಿ ಕೂರುವ ಪುರುಸೊತ್ತಿಲ್ಲ. ಆಟೋದವರು ರೈಲಿನ ವೇಳೆಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿರುತ್ತಾರೆ. ದೋಣಿಯವರು ಪ್ರವಾಸಿಗಳನ್ನು ಕರೆದುಕೊಂಡು ಹೋಗಿರುತ್ತಾರೆ. ಇವರೆಲ್ಲ ಕೂರುವ ಜಾಗಕ್ಕೇ ಹೋಗಿ, ಅವರ ಬಿಡುವಿನಲ್ಲಿ, ಊರಿನ ನಕ್ಷೆಯನ್ನು ದೊಡ್ಡದಾಗಿ ಹಾಸಿ, ಎಲ್ಲಿ ಸಿಕ್ಕಿಬೀಳುತ್ತೀರಿ, ಎಲ್ಲಿ ಭಯವಾಗುತ್ತದೆ ಎಂದು ಗುರುತು ಹಾಕಿಸಿಕೊಳ್ಳಬೇಕು.

ಮುಂದಿನದು ಎಣಿಕೆ, ಮತ್ತು ಇದರಲ್ಲಿ ಅವಸರ ಸಲ್ಲದು. ಒಂದು ಸಾಮಾನ್ಯ ಮಂಗಳವಾರ, ಒಂದು ಶನಿವಾರ, ಸಾಲು ರಜೆಯ ಒಂದು ದಿನ, ಹೀಗೆ ಮೂರು ದಿನ ಆರಿಸಿಕೊಂಡು ಬೆಳಗ್ಗೆ 6ರಿಂದ ರಾತ್ರಿ 9ರವರೆಗೆ ಪ್ರತಿ 15 ನಿಮಿಷದ ಲೆಕ್ಕವನ್ನು ಪ್ರತ್ಯೇಕವಾಗಿ ಬರೆಯಬೇಕು. ಕಾಲೇಜಿನ ಹುಡುಗ ಹುಡುಗಿಯರು ಇದನ್ನು ಚೆನ್ನಾಗಿ ಮಾಡುತ್ತಾರೆ. ವಾಹನಗಳನ್ನಷ್ಟೇ ಎಣಿಸಿದರೆ ನಾಲ್ಕು ಜನರ ಕಾರು ಒಂದಾಗಿ ಕಾಣುತ್ತದೆ, ಕೈಹಿಡಿದು ನಡೆಯುವ ನಾಲ್ವರು ಕಾಣುವುದೇ ಇಲ್ಲ; ಆದ್ದರಿಂದ ಎಣಿಸಬೇಕಾದದ್ದು ತಲೆಗಳನ್ನು. ನಿಂತ ವಾಹನಗಳಿಗೆ ಬೇರೆ ಉಪಾಯವಿದೆ: ಅರ್ಧ ಗಂಟೆಗೊಮ್ಮೆ ಅದೇ ಬೀದಿಯಲ್ಲಿ ನಡೆದು ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಂಡರೆ, ದರ್ಶನಕ್ಕೆ ಬಂದು ಹೋದ ಕಾರು ಯಾವುದು, ದಿನವಿಡೀ ಅಂಗಡಿಯ ಬಾಗಿಲು ಮುಚ್ಚಿ ನಿಂತದ್ದು ಯಾವುದು ಎಂಬುದು ಸಂಜೆಯೊಳಗೆ ತಿಳಿಯುತ್ತದೆ. ಜೊತೆಗೆ ಟೇಪು ಹಿಡಿದು ನಡೆಯುವ ಜಾಗವನ್ನೂ ಅಳೆಯಬೇಕು. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್ ಇರಬೇಕು.

ಪರಿಹಾರದ ಬೀಜ ಊರಿನಲ್ಲೇ ಇದೆ. ಶಿವರಾತ್ರಿಯ ಮಹಾರಥೋತ್ಸವಕ್ಕೆ ರಥಬೀದಿಯನ್ನು ತೆರವು ಮಾಡಲೇಬೇಕು. ತೇರಿಗೆ ದಾರಿ ಬಿಡುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಅದೇ ಶಿಸ್ತನ್ನು ವಾರಾಂತ್ಯದ ಕೆಲವು ಗಂಟೆಗಳಿಗೆ ವಿಸ್ತರಿಸಿ, ಹೊರಗಿನ ಕಾರುಗಳನ್ನು ಹೆದ್ದಾರಿ 66ರಿಂದ ಬರುವ ದಾರಿಯಲ್ಲಿ, ಊರು ಮುಟ್ಟುವ ಮೊದಲೇ ನಿಲ್ಲಿಸಿ, ಅಲ್ಲಿಂದ ಆಟೋ ಮತ್ತು ಮಿನಿಬಸ್ಸುಗಳನ್ನು ನಿಗದಿತ ದರದಲ್ಲಿ ಓಡಿಸಬಹುದು. ದರವನ್ನು ಆಟೋದವರ ಜೊತೆ ಕೂತೇ ನಿಗದಿ ಮಾಡಬೇಕು, ಇಲ್ಲವಾದರೆ ಯೋಜನೆ ಎರಡನೇ ವಾರಕ್ಕೇ ನಿಲ್ಲುತ್ತದೆ. ನಿವಾಸಿಗಳಿಗೆ ಪಾಸು, ಸರಕಿನ ಗಾಡಿಗಳಿಗೆ ಮುಂಜಾನೆಯ ಹೊತ್ತು, ಆಂಬುಲೆನ್ಸಿಗೆ ಸದಾ ತೆರೆದ ದಾರಿ, ಇವನ್ನು ಮೊದಲೇ ಬರೆದಿಡಬೇಕು. ಕಡಲಂಚಿನಲ್ಲಿ ಪಾರ್ಕಿಂಗ್ ಜಾಗ ಹುಡುಕುವುದು ಬೇಡ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅಡ್ಡ ಬರುತ್ತವೆ, ಮರಳ ದಿಬ್ಬಗಳೂ ಹಾಳಾಗುತ್ತವೆ.

ಕುಡ್ಲೆ ಮತ್ತು ಓಂ ಕಡಲತೀರಗಳಿಗೆ ಕೊನೆಯ ಹಾದಿ ಹೇಗೂ ಕಾಲ್ನಡಿಗೆಯದೇ. ಅಲ್ಲಿ ಬೇಕಿರುವುದು ಮೆಟ್ಟಿಲ ಪಕ್ಕ ಹಿಡಿಕಂಬಿ, ರಾತ್ರಿಗೆ ದೀಪ ಮತ್ತು ಮಳೆಗಾಲದಲ್ಲಿ ಜಾರದ ಕಲ್ಲು.

ಯೋಜನೆಯನ್ನು ಒಮ್ಮೆಲೇ ಕಾಯಂ ಮಾಡಿಸಲು ಹೊರಡಬಾರದು. ಮೋಟಾರು ವಾಹನ ಅಧಿನಿಯಮ, 1988ರ 115ನೇ ಕಲಮಿನಡಿ ವಾಹನ ಸಂಚಾರವನ್ನು ನಿರ್ಬಂಧಿಸಲು ಅವಕಾಶವಿದ್ದು, ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ರಾಜಪತ್ರದ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಗ್ರಾಮಸಭೆಯ ಠರಾವು, ಎಣಿಕೆಯ ಪಟ್ಟಿ ಮತ್ತು ನಕ್ಷೆಯನ್ನು ಲಗತ್ತಿಸಿ, ನಾಲ್ಕು ವಾರಾಂತ್ಯಗಳ ಪ್ರಯೋಗಕ್ಕೆ ಅನುಮತಿ ಕೋರಿ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬೇಕು. ಪ್ರಯೋಗ ನಡೆಯುವ ಶನಿವಾರಗಳಂದು ಅದೇ ಜಾಗಗಳಲ್ಲಿ, ಅದೇ ಹೊತ್ತಿಗೆ ಮತ್ತೆ ಎಣಿಸಬೇಕು. ಹೂವು ಮಾರುವವರ ಆ ದಿನದ ವ್ಯಾಪಾರ ಏರಿತೋ ಇಳಿಯಿತೋ ಎಂಬುದನ್ನೂ ಅವರನ್ನೇ ಕೇಳಿ ಬರೆದುಕೊಳ್ಳಬೇಕು.